ಮುಟ್ಟುವ ಕೈ, ಕೇಳುವ ಬಾಯಿ

(ವಿದ್ಯಾರ್ಥಿನಿಲಯವೊಂದರ ಸಂಜೆ ಸಭೆಯಲ್ಲಿ, ನರ್ಸಿಂಗ್ ಕಲಿಯುತ್ತಿರುವ ಮತ್ತು ಕಲಿಯಲು ಹೊರಟಿರುವ ಗೆಳೆಯರ ಮುಂದೆ ಆಡಿದ ಮಾತಿನ ಬರಹರೂಪ)



ಈ ಸಭೆಗೆ ನಮ್ಮನ್ನು ಕರೆಯಲು ಬಂದಿದ್ದ ತಮ್ಮ ಒಂದು ಮಾತು ಕೇಳಿದ. "ಅಕ್ಕಾ, ನಮ್ಮ ಸಭೆಗಳಲ್ಲಿ ಭೂಮಿ ವಿಚಾರ ಬರ್ತದೆ, ಮೀಸಲಾತಿ ವಿಚಾರ ಬರ್ತದೆ, ದೌರ್ಜನ್ಯದ ವಿಚಾರ ಬರ್ತದೆ. ನರ್ಸಿಂಗ್ ಬಗ್ಗೆ ಮಾತಾಡೋಕೆ ಏನಿದೆ? ಅದೊಂದು ನೌಕರಿ ಅಲ್ವಾ?" ಅಂದ. ಅವನ ಪ್ರಶ್ನೆ ತಪ್ಪಲ್ಲ. ನರ್ಸಿಂಗಿಗೆ ಸೇರುವಾಗ ನಾವೂ ಹಾಗೇ ಅಂದುಕೊಂಡಿದ್ದೆವು. ಬೇಗ ಕೆಲಸ ಸಿಗ್ತದೆ, ಅವ್ವ ಕೂಲಿಗೆ ಹೋಗೋದು ತಪ್ತದೆ. ಅಷ್ಟೇ ನಮ್ಮ ತಲೆಯಲ್ಲಿದ್ದದ್ದು.

ನಾವು ಅಂದರೆ ಮೂರು ಜನ. ಇಂಥದೇ ಹಾಸ್ಟೆಲಿನ ಅನ್ನ ಉಂಡು, ಇಂಥದೇ ಟ್ರಂಕಿನ ಮೇಲೆ ಪುಸ್ತಕ ಇಟ್ಟು ಓದಿ, ಈಗ ವಾರ್ಡುಗಳಲ್ಲಿ ದುಡಿಯುತ್ತಿರುವವರು. ಈ ಮಾತನ್ನು ಮೂವರೂ ಕೂತು ಬರೆದಿದ್ದೇವೆ. ಅದಕ್ಕೇ ಇದರಲ್ಲಿ 'ನಾನು' ಇಲ್ಲ, 'ನಾವು' ಇದೆ.

ಮೊದಲು ಒಂದು ಸಣ್ಣ ಸಂಗತಿ. ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆ. ನಮ್ಮಲ್ಲೊಬ್ಬಳು ರಾತ್ರಿ ಡ್ಯೂಟಿಯಲ್ಲಿದ್ದಳು. ವಯಸ್ಸಾದ ಒಬ್ಬ ತಾಯಿಗೆ ಇಂಜೆಕ್ಷನ್ ಕೊಟ್ಟಳು, ಡ್ರಿಪ್ಪು ಹಾಕಿದಳು, ಬೆನ್ನು ಒರೆಸಿ ಸೀರೆ ಬದಲಾಯಿಸಿದಳು. ಎಲ್ಲಾ ಆಯ್ತು. ಆಮೇಲೆ ಆ ತಾಯಿ ಕೇಳಿದರು: "ಯಾವೂರಮ್ಮ ನಿಂದು? ಯಾವ ಜನ?" ಇವಳು ಮುಚ್ಚಿಡಲಿಲ್ಲ, ಹೇಳಿದಳು. ಸ್ವಲ್ಪ ಹೊತ್ತಿಗೆ ಮಾತ್ರೆ ಜೊತೆ ನೀರಿನ ಲೋಟ ಹಿಡಿದಾಗ ಆ ತಾಯಿ ಮುಖ ತಿರುಗಿಸಿ, "ಮಗ ಬರಲಿ, ಅವನು ಕೊಡ್ತಾನೆ" ಅಂದರು. ಇಂಜೆಕ್ಷನ್ ಆಗ್ತದೆ, ನೀರು ಆಗಲ್ಲ! 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ್ದು ಯಾಕೆ ಅಂತ ಆ ರಾತ್ರಿ ನಮಗೆ ಮತ್ತೊಮ್ಮೆ ಅರ್ಥವಾಯಿತು. ಜೀವ ಹೋಗೋ ಭಯದ ಮುಂದೆ ಮೈಲಿಗೆ ಸುಮ್ಮನಿರುತ್ತದೆ. ಭಯ ಕಳೆದ ಕೂಡಲೇ ಎದ್ದು ಕೂರುತ್ತದೆ.

ನರ್ಸಿಂಗ್ ಅಂದರೆ ಮುಟ್ಟುವ ಕೆಲಸ. ಮುಟ್ಟುವುದರ ಮೇಲೇ ನಿಂತಿರುವ ಈ ಸಮಾಜದಲ್ಲಿ ಮುಟ್ಟುವ ಕೆಲಸ ಬರೀ ನೌಕರಿ ಆಗೋದು ಹೇಗೆ, ನೀವೇ ಹೇಳಿ?

ನಮ್ಮ ಹಳ್ಳಿಗಳನ್ನು ನೆನಪು ಮಾಡಿಕೊಳ್ಳಿ. ಆಸ್ಪತ್ರೆ ಬರೋದಕ್ಕೆ ಮುಂಚೆ ಹೆರಿಗೆ ಮಾಡಿಸುತ್ತಿದ್ದವರು ಯಾರು? ಸೂಲಗಿತ್ತಿಯರು. ಮಗು ಅಡ್ಡ ತಿರುಗಿದೆಯಾ ಅಂತ ಹೊಟ್ಟೆ ಮುಟ್ಟಿ ಹೇಳುತ್ತಿದ್ದವರು, ಹೊಕ್ಕುಳ ಬಳ್ಳಿ ಕತ್ತರಿಸುತ್ತಿದ್ದವರು, ಮಾಸು ಹೂಳುತ್ತಿದ್ದವರು. ದೇಶದ ಬಹಳ ಕಡೆ ಈ ಕೆಲಸ ನಮ್ಮ ಕೇರಿಗಳ ಹೆಂಗಸರ ತಲೆಗೆ ಬಿತ್ತು. ಕಾರಣ ಗೊತ್ತೇ ಇದೆ: ಹೆರಿಗೆಯ ರಕ್ತ ಪುರುಡು, ಪುರುಡು ಅಂದರೆ ಮೈಲಿಗೆ, ಮೈಲಿಗೆ ಮುಟ್ಟೋದು ಮೈಲಿಗೆಯವರು. ಆ ಕೈಗಳಲ್ಲಿ ಇದ್ದದ್ದು ವಿದ್ಯೆ. ಆದರೆ ಅದನ್ನು ಯಾರೂ ವಿದ್ಯೆ ಅನ್ನಲಿಲ್ಲ, ಕಸುಬು ಅಂತಲೂ ಅನ್ನಲಿಲ್ಲ. ಹೆರಿಗೆ ಆಗೋ ತನಕ "ಬಾರವ್ವ", ಆದ ಮೇಲೆ "ಹಿತ್ತಲಿಂದ ಹೋಗು".

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಎಪ್ಪತ್ತು ವರ್ಷದ ಕಾಲ, 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಒಂದು ಕಾಸೂ ಮುಟ್ಟದೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಒಬ್ಬರಿಗಾದರೂ ಮರ್ಯಾದೆ ಸಿಕ್ಕಿತಲ್ಲ ಅಂತ ಸಂತೋಷ ನಮಗೂ ಇದೆ. ಆದರೆ ಹೆಸರಿಲ್ಲದೆ ಹೋದ ಸಾವಿರಾರು ಸೂಲಗಿತ್ತಿಯರ ಅರಿವನ್ನು ಯಾವ ಪುಸ್ತಕ ಬರೆದುಕೊಂಡಿತು? ನಮ್ಮ ನರ್ಸಿಂಗ್ ಕಾಲೇಜಿನ ಪಾಠದಲ್ಲಿ ಅವರು ಬಂದದ್ದು 'ಅಪಾಯಕಾರಿ ಪದ್ಧತಿಗಳು' ಅನ್ನೋ ತಲೆಬರಹದ ಕೆಳಗೆ. ತೊಳೆಯದ ಕುಡುಗೋಲಿನಿಂದ ಬಳ್ಳಿ ಕತ್ತರಿಸಿದರೆ ಧನುರ್ವಾಯು ಬರ್ತದೆ, ಅದು ನಿಜ, ಅದನ್ನು ಕಲಿಯಲೇಬೇಕು. ಆದರೆ ಆ ಹೆಂಗಸಿಗೆ ಸೋಪು, ಬಿಸಿನೀರು, ಹೊಸ ಬ್ಲೇಡು ಯಾಕೆ ಸಿಗಲಿಲ್ಲ ಅಂತ ಪಾಠ ಕೇಳಲಿಲ್ಲ.

ಇನ್ನೊಬ್ಬ ತಾಯಿಯನ್ನು ನೆನೆಯಬೇಕು. 1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಸಾವಿತ್ರಿಬಾಯಿ ಫುಲೆಯವರು ಮಗ ಡಾಕ್ಟರ್ ಯಶವಂತನ ಜೊತೆ ಊರ ಹೊರಗೆ ರೋಗಿಗಳ ಆರೈಕೆಗೆ ನಿಂತರು. ಮುಂಢ್ವಾದ ಮಹಾರರ ಕೇರಿಯ ಒಬ್ಬ ಹುಡುಗನಿಗೆ ಪ್ಲೇಗ್ ತಗುಲಿದಾಗ ಅವನನ್ನು ಬೆನ್ನ ಮೇಲೆ ಹೊತ್ತು ತಂದರು. ಆ ರೋಗವೇ ಅಂಟಿ ಮಾರ್ಚ್ 10ರಂದು ಕಣ್ಣು ಮುಚ್ಚಿದರು. ನಮಗೆ ಅಕ್ಷರ ಕಲಿಸಿದವರು ಅಂತ ಅವರ ಫೋಟೋ ಹಾಕುತ್ತೇವೆ. ನಮ್ಮ ಮೈ ಮುಟ್ಟಿ ಆರೈಕೆ ಮಾಡಿ ಸತ್ತವರು ಅನ್ನೋದನ್ನೂ ಹೇಳಬೇಕು.

ಈಗ ಆಸ್ಪತ್ರೆ ಒಳಗೆ ಬರೋಣ. ಅಲ್ಲಿ ಜಾತಿ ಇಲ್ಲ, ಎಲ್ಲರಿಗೂ ಬಿಳಿ ಬಟ್ಟೆ ಅಂತಾರೆ. ನಾವು ಕಂಡದ್ದು ಒಂದು ಏಣಿ. ಮೇಲೆ ದೊಡ್ಡ ಡಾಕ್ಟ್ರು, ಅವರ ಕೆಳಗೆ ಸಣ್ಣ ಡಾಕ್ಟ್ರು, ಆಮೇಲೆ ಹೆಡ್ ಸಿಸ್ಟರು, ಸ್ಟಾಫ್ ನರ್ಸು, ಕಲಿಯೋ ನರ್ಸು, ಆಯಾ, ಕಸ ಬಳಿಯುವ ಗುತ್ತಿಗೆ ಹೆಂಗಸು. ಎಲ್ಲರಿಗಿಂತ ಕೆಳಗೆ ಬಡ ರೋಗಿ. ಮೇಲಿಂದ ಬೈಗುಳ ಹೊರಟರೆ ಒಂದೊಂದೇ ಮೆಟ್ಟಿಲು ಇಳಿದು ರೋಗಿಯ ಮೇಲೆ ಬಂದು ಬೀಳುತ್ತದೆ. ಆ ಏಣಿಯ ತುದಿಯಲ್ಲಿ ಯಾವ ಜಾತಿಯವರು ಹೆಚ್ಚು, ಬುಡದಲ್ಲಿ ಪೊರಕೆ ಹಿಡಿದವರು ಯಾವ ಜಾತಿಯವರು ಅಂತ ನಿಮ್ಮ ನಿಮ್ಮ ಊರಿನ ಆಸ್ಪತ್ರೆಗೆ ಹೋಗಿ ನೀವೇ ನೋಡಿ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಹೆರಿಗೆ ವಾರ್ಡಿನಲ್ಲಿ ಒಂದು ರಾತ್ರಿ ಕೂಲಿ ಮಾಡೋ ಒಬ್ಬ ಹುಡುಗಿ, ಚೊಚ್ಚಲು, ನೋವು ತಡೆಯಲಾರದೆ ಕಿರುಚುತ್ತಿದ್ದಳು. ಆ ದಿನ ಬೆಳಗ್ಗೆ ಡಾಕ್ಟ್ರು ಎಲ್ಲರೆದುರು ನಮಗೆ ಬೈದಿದ್ದರು. ಎರಡು ಪಾಳಿ ಒಟ್ಟಿಗೆ ಮಾಡಿ ಕಾಲು ಬಾತಿತ್ತು. ನಮ್ಮ ಬಾಯಿಂದ ಬಂತು: "ಏಯ್, ಸುಮ್ನಿರು. ಮಕ್ಕಳು ಬೇಕು, ನೋವು ಬೇಡವಾ?" ಅವಳು ಬಾಯಿಗೆ ಸೆರಗು ತುರುಕಿಕೊಂಡಳು. ಬೆಳಗಿನ ಜಾವ ಹೆರಿಗೆ ಆಯ್ತು. ಹೆಸರು, ಊರು ಬರೆದುಕೊಳ್ಳುವಾಗ ಗೊತ್ತಾಯಿತು, ನಮ್ಮ ಪಕ್ಕದ ಊರು, ನಮ್ಮದೇ ಜನ. ನಮ್ಮ ಜನ ಅಲ್ಲದಿದ್ದರೆ ಆ ಮಾತು ಸರಿಯಾಗುತ್ತಿತ್ತಾ? ಆಗುತ್ತಿರಲಿಲ್ಲ. ಆದರೆ ಆ ಹೊಡೆತ ತಗುಲಿದ್ದರಿಂದ ನಾವು ಯೋಚನೆ ಮಾಡಲು ಕೂತೆವು. ನಮ್ಮವ್ವನನ್ನು ಹೀಗೇ ಗದರಿಸಿದ್ದ ಆಸ್ಪತ್ರೆಯಲ್ಲಿ ಈಗ ಗದರಿಸುವವರು ನಾವಾಗಿದ್ದೆವು. ನಮ್ಮ ಸಮವಸ್ತ್ರ ಬದಲಾಗಿತ್ತು, ಏಣಿ ಹಾಗೇ ಇತ್ತು.

ಆಗ ಓದಲು ಶುರುಮಾಡಿದೆವು. ಓದಿದ್ದನ್ನು ನಿಮಗೆ ಸರಳವಾಗಿ ಹೇಳುತ್ತೇವೆ. ಹೆಸರುಗಳು ಹೊಸವು, ಹೆದರಬೇಡಿ.

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 1923ರಲ್ಲಿ ಸಮಾಜ ಸಂಶೋಧನೆಯ ಒಂದು ಸಂಸ್ಥೆ ಹುಟ್ಟಿತು. ಅಲ್ಲಿದ್ದ ಬಹಳ ಜನ ಯಹೂದಿಗಳು. ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟು ಓಡಬೇಕಾಯಿತು. ಅವರಲ್ಲಿ ಮ್ಯಾಕ್ಸ್ ಹಾರ್ಕ್‌ಹೈಮರ್ ಅನ್ನೋರು 1937ರಲ್ಲಿ ಒಂದು ಲೇಖನ ಬರೆದರು. ಅದರ ಸಾರ ಇಷ್ಟು: ಇರುವುದನ್ನು ಇರುವ ಹಾಗೆ ವಿವರಿಸುವ ತಿಳಿವಳಿಕೆ ಒಂದು. ಇರುವುದು ಯಾಕೆ ಹೀಗಿದೆ, ಯಾರಿಗೋಸ್ಕರ ಹೀಗಿದೆ ಅಂತ ಕೇಳಿ ಅದನ್ನು ಬದಲಾಯಿಸಲು ಹೊರಡುವ ತಿಳಿವಳಿಕೆ ಇನ್ನೊಂದು. ಎರಡನೆಯದಕ್ಕೆ ಕ್ರಿಟಿಕಲ್ ಥಿಯರಿ, ಅಂದರೆ ವಿಮರ್ಶೆಯ ಸಿದ್ಧಾಂತ ಅಂತ ಹೆಸರಾಯಿತು. ಅದೇ ಪರಂಪರೆಯ ಹಾಬರ್ಮಾಸ್ 1968ರಲ್ಲಿ ಇನ್ನೂ ಬಿಡಿಸಿ ಹೇಳಿದರು. ಮನುಷ್ಯ ಮೂರು ಆಸೆಗಳಿಂದ ತಿಳಿವಳಿಕೆ ಹುಡುಕುತ್ತಾನೆ. ಪ್ರಕೃತಿಯನ್ನು ಹಿಡಿತಕ್ಕೆ ತರಬೇಕು ಅನ್ನೋದು ಒಂದು, ಇನ್ನೊಬ್ಬ ಮನುಷ್ಯನನ್ನು ಅರ್ಥ ಮಾಡಿಕೊಳ್ಳಬೇಕು ಅನ್ನೋದು ಎರಡು, ಕಟ್ಟಿಹಾಕಿರುವುದರಿಂದ ಬಿಡುಗಡೆ ಬೇಕು ಅನ್ನೋದು ಮೂರು.

ಇದನ್ನು ವಾರ್ಡಿಗೆ ತರೋಣ. ಏಳು ತಿಂಗಳ ಗರ್ಭಿಣಿ ಬರುತ್ತಾಳೆ. ಹಿಮೋಗ್ಲೋಬಿನ್ 6 ಗ್ರಾಂ. ಮೊದಲನೇ ತಿಳಿವಳಿಕೆ ಹೇಳುತ್ತದೆ: ಇದು ತೀವ್ರ ರಕ್ತಹೀನತೆ, ರಕ್ತ ಏರಿಸಿ, ಕಬ್ಬಿಣಾಂಶ ಕೊಡಿ, ಜಂತುಹುಳದ ಮಾತ್ರೆ ಕೊಡಿ. ಇದಿಲ್ಲದಿದ್ದರೆ ಅವಳು ಸಾಯುತ್ತಾಳೆ. ಇದನ್ನು ಯಾರೂ ಹಗುರ ಮಾಡಬೇಡಿ. ಎರಡನೇ ತಿಳಿವಳಿಕೆ ಅವಳ ಪಕ್ಕ ಕೂರುತ್ತದೆ: ಕೊಟ್ಟ ಮಾತ್ರೆ ಯಾಕೆ ನುಂಗಲಿಲ್ಲ ತಾಯಿ? "ಹೊಟ್ಟೆ ತೊಳಸ್ತದೆ ಅಕ್ಕ, ಮಲ ಕಪ್ಪಗೆ ಹೋಗ್ತದೆ, ಭಯ ಆಗ್ತದೆ" ಅನ್ನುತ್ತಾಳೆ. ಕಪ್ಪಗೆ ಹೋದರೆ ಹೆದರಬೇಡ, ಊಟವಾದ ಮೇಲೆ ತಗೋ ಅಂತ ಒಂದು ಮಾತು ಯಾರೂ ಹೇಳಿರಲಿಲ್ಲ. ಮೂರನೇ ತಿಳಿವಳಿಕೆ ಇನ್ನೂ ಮುಂದೆ ಹೋಗುತ್ತದೆ: ಏಳು ತಿಂಗಳಾದರೂ ಕಳೆ ಕೀಳಲು ಯಾಕೆ ಹೋಗ್ತಾಳೆ? ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಯಾಕೆ ಉಣ್ತಾಳೆ? ಮೊಟ್ಟೆ, ಮಾಂಸ ತಿನ್ನು ಅಂತ ಚೀಟಿಯಲ್ಲಿ ಬರೆದೆವು, ಕೊಳ್ಳುವ ದುಡ್ಡು ಎಲ್ಲಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಈ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ. ನೂರಕ್ಕೆ 57 ಜನ ಮಾತ್ರೆ ನುಂಗದ ಸೋಮಾರಿಗಳೇ? 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಸರ್ಕಾರ ಹೊರಟಾಗ ಕೆಲವು ಮಠಾಧೀಶರು ಬೇಡ ಅಂದರು. ಶಾಲೆಯ ಮಕ್ಕಳೇ ಬೇಕು ಅಂತ ಗಟ್ಟಿಯಾಗಿ ಹೇಳಿದರು. ರಕ್ತದ ಪ್ರಶ್ನೆ ತಟ್ಟೆಯ ಪ್ರಶ್ನೆ, ತಟ್ಟೆಯ ಪ್ರಶ್ನೆ ಅಧಿಕಾರದ ಪ್ರಶ್ನೆ. ಈ ಮೂರನೆಯ ತಿಳಿವಳಿಕೆಯನ್ನೇ ಬಿಡುಗಡೆಯ ಅರಿವು ಅನ್ನುತ್ತೇವೆ.

ಇದು ನಮ್ಮ ಕಲ್ಪನೆಯಲ್ಲ, ನರ್ಸಿಂಗ್ ಶಾಸ್ತ್ರದೊಳಗೇ ಬಂದಿದೆ. 1978ರಲ್ಲಿ ಅಮೆರಿಕಾದ ಬಾರ್ಬರಾ ಕಾರ್ಪರ್ ಎಂಬ ನರ್ಸ್ ವಿದ್ವಾಂಸೆ, ನರ್ಸಿಗೆ ಬೇಕಾದ ಅರಿವು ನಾಲ್ಕು ತರ ಅಂದರು: ವಿಜ್ಞಾನ, ಆರೈಕೆಯ ಕಲೆ, ನೀತಿ, ತನ್ನನ್ನು ತಾನು ಅರಿಯುವುದು. 1995ರಲ್ಲಿ ಜಿಲ್ ವೈಟ್ ಎಂಬುವರು, ಇಷ್ಟು ಸಾಲದು, ಸಮಾಜ ಮತ್ತು ರಾಜಕೀಯದ ಅರಿವೂ ಬೇಕು ಅಂದರು. 2008ರಲ್ಲಿ ಪೆಗಿ ಚಿನ್ ಮತ್ತು ಮಯೋನಾ ಕ್ರೇಮರ್ ತಮ್ಮ ಪುಸ್ತಕದಲ್ಲಿ ಬಿಡುಗಡೆಯ ಅರಿವನ್ನು ಸೇರಿಸಿದರು. ಇದರ ಪ್ರಶ್ನೆಗಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಇಲ್ಲಿ ಯಾರಿಗೆ ಲಾಭ? ಯಾರ ದನಿ ಕೇಳಿಸುತ್ತಿಲ್ಲ? ಬಿಡುಗಡೆಗೆ ಅಡ್ಡ ನಿಂತಿರೋದು ಏನು? ಏನು ಬದಲಾಗಬೇಕು? ನಮ್ಮ ಪರೀಕ್ಷೆಯಲ್ಲಿ ಕಾರ್ಪರ್ ಹೇಳಿದ ನಾಲ್ಕನ್ನು ಬರೆಸಿದರು. ಇದನ್ನು ಬರೆಸಲಿಲ್ಲ.

ಕೆಲವರು ಅನ್ನುತ್ತಾರೆ, ರಾಜಕೀಯ ಹೊರಗಿಡಿ, ವಿಜ್ಞಾನಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ. ವಿಜ್ಞಾನವನ್ನು ನಾವು ನಂಬುತ್ತೇವೆ. ಬಾಬಾಸಾಹೇಬರ ಮಕ್ಕಳು ನಂಬಲೇಬೇಕು. ಆದರೆ ಅದನ್ನು ಯಾರ ಮೈ ನೋಡಿ ಬರೆದರು ಅಂತ ಕೇಳೋದೂ ವಿಜ್ಞಾನವೇ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ನಿಮಗೆಲ್ಲ ಗೊತ್ತು. 2020ರ ಡಿಸೆಂಬರಿನಲ್ಲಿ ಅಮೆರಿಕಾದ ವೈದ್ಯರು ಒಂದು ಲೆಕ್ಕ ಪ್ರಕಟಿಸಿದರು. ಮೀಟರು 92ರಿಂದ 96 ತೋರಿಸುತ್ತಿದ್ದರೂ ರಕ್ತನಾಳದಿಂದ ತೆಗೆದು ನೋಡಿದರೆ ಆಮ್ಲಜನಕ 88ಕ್ಕಿಂತ ಕೆಳಗಿದ್ದ ರೋಗಿಗಳಿದ್ದರು. ಈ ಮೋಸ ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಯಂತ್ರ ಯಾರ ಮೇಲೂ ದ್ವೇಷ ಇಟ್ಟುಕೊಂಡಿರಲಿಲ್ಲ. ಚರ್ಮದ ಬಣ್ಣ ಅದರ ಬೆಳಕಿಗೆ ಅಡ್ಡ ಬರುತ್ತದೆ ಅನ್ನೋದನ್ನು ಸಾಕಷ್ಟು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ, ಅಷ್ಟೇ.

ನಮ್ಮ ಪಾಠವೂ ಹಾಗೇ. ಹಾಸಿಗೆ ಹುಣ್ಣು ಶುರುವಾಗುವಾಗ ಚರ್ಮ ಕೆಂಪಾಗುತ್ತದೆ ಅಂತ ಕಲಿತೆವು. ಬಿಸಿಲಲ್ಲಿ ದುಡಿದ ನಮ್ಮ ಅಪ್ಪನ ಬೆನ್ನಿನಲ್ಲಿ ಆ ಕೆಂಪು ಎಲ್ಲಿ ಕಾಣಬೇಕು? ಅಲ್ಲಿ ಕೈಯಿಟ್ಟು ನೋಡಬೇಕು: ಸುತ್ತಲಿಗಿಂತ ಬಿಸಿಯಿದೆಯಾ, ಗಟ್ಟಿಯಿದೆಯಾ, ನೋವಿದೆಯಾ. ಮೈ ನೀಲಿಗಟ್ಟಿದೆಯಾ ಅಂತ ನೋಡಲು ತುಟಿಯ ಒಳಭಾಗ, ನಾಲಿಗೆ ನೋಡಬೇಕು. ರಕ್ತ ಕಡಿಮೆಯಾ ಅಂತ ನೋಡಲು ಕಣ್ಣಿನ ಕೆಳರೆಪ್ಪೆಯ ಒಳಗು, ಅಂಗೈ ನೋಡಬೇಕು. ಕಲಿಯುತ್ತಿರುವ ತಂಗಿಯರೇ, ಇದನ್ನು ಬರೆದಿಟ್ಟುಕೊಳ್ಳಿ. ನಮ್ಮ ಜನರ ಬಣ್ಣದ ಮೈಗೆ ಬೇಕಾದ ಪಾಠ ಇದು.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಗದರಿಸಿದ ಆ ರಾತ್ರಿಯ ಮಾತು.

ಬ್ರೆಜಿಲ್ ದೇಶದ ಪಾಲೊ ಫ್ರೈರೆ ಅನ್ನೋ ಮೇಷ್ಟ್ರು ಬಡವರಿಗೆ ಅಕ್ಷರ ಕಲಿಸಿದ್ದಕ್ಕೆ, 1964ರಲ್ಲಿ ಸೈನ್ಯ ಅಧಿಕಾರ ಹಿಡಿದಾಗ, ಜೈಲು ಕಂಡು ದೇಶ ಬಿಟ್ಟರು. ತುಳಿಸಿಕೊಂಡವನು ತುಳಿಯುವವನ ರೂಪವನ್ನೇ ಒಳಗೆ ಇಟ್ಟುಕೊಂಡಿರುತ್ತಾನೆ, ಮೇಲೆ ಹೊಡೆಯಲಾರದ ಸಿಟ್ಟನ್ನು ಪಕ್ಕದವನ ಮೇಲೆ ತೀರಿಸುತ್ತಾನೆ ಅನ್ನೋದು ಅವರು ಕಂಡ ಸತ್ಯ. 1983ರಲ್ಲಿ ಸೂಸನ್ ರಾಬರ್ಟ್ಸ್ ಎಂಬ ಅಮೆರಿಕನ್ ನರ್ಸ್ ಈ ಮಾತನ್ನು ನರ್ಸುಗಳಿಗೇ ಹಚ್ಚಿ ಬರೆದರು: ನರ್ಸುಗಳು ತುಳಿತಕ್ಕೆ ಸಿಕ್ಕ ಗುಂಪು, ಅದಕ್ಕೇ ಒಬ್ಬರನ್ನೊಬ್ಬರು ಕಚ್ಚುತ್ತಾರೆ. ಓದಿ ನಮಗೆ ಮೈ ಜುಮ್ಮೆಂದಿತು. ಆಮೇಲೆ ಅನ್ನಿಸಿತು, ಇದನ್ನು ನಮಗೆ ಬಾಬಾಸಾಹೇಬರು ಎಷ್ಟೋ ಮೊದಲೇ ಹೇಳಿಕೊಟ್ಟಿದ್ದರಲ್ಲವೇ? ಶ್ರೇಣೀಕೃತ ಅಸಮಾನತೆ ಅಂದರೆ ಇನ್ನೇನು? ಪ್ರತಿಯೊಬ್ಬನಿಗೂ ತನ್ನ ಕೆಳಗೆ ಒಬ್ಬನನ್ನು ಕೊಟ್ಟುಬಿಟ್ಟರೆ ಯಾರೂ ಏಣಿಯನ್ನು ಮುರಿಯಲು ಬರೋದಿಲ್ಲ. ಸ್ಟಾಫ್ ನರ್ಸಿಗೆ ಆಯಾ ಇದ್ದಾಳೆ, ಆಯಾಗೆ ಪೊರಕೆಯ ಹೆಂಗಸಿದ್ದಾಳೆ, ಎಲ್ಲರಿಗೂ ರೋಗಿ ಇದ್ದಾಳೆ. ಹೊಲೆಯ ಮಾದಿಗ ಅಂತ ನಮ್ಮೊಳಗೇ ಎಣಿಸಿಕೊಳ್ಳುತ್ತೇವಲ್ಲ, ಅದೇ ರೋಗ ಇದು.

ಏಣಿಯಿಂದ ಹೊರಬರಲು ಒಬ್ಬೊಬ್ಬರ ಒಳ್ಳೆಯತನ ಸಾಲದು, ಸಂಘಟನೆ ಬೇಕು. ಅಮೆರಿಕಾದ ಕಪ್ಪು ನರ್ಸುಗಳ ಚರಿತ್ರೆ ನೋಡಿ. ಮೇರಿ ಮಹೋನಿ 1879ರಲ್ಲೇ ತರಬೇತಿ ಮುಗಿಸಿದ ಮೊದಲ ಕಪ್ಪು ನರ್ಸ್. ಒಬ್ಬಳು ಪಾಸಾದರೆ ಬಾಗಿಲು ತೆರೆಯಲಿಲ್ಲ. 1908ರಲ್ಲಿ ಕಪ್ಪು ನರ್ಸುಗಳು ತಮ್ಮದೇ ಸಂಘ ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ ನರ್ಸುಗಳಿಗೆ ಬರ ಇದ್ದರೂ 1941ರಲ್ಲಿ ಸೇನೆ ತೆಗೆದುಕೊಂಡದ್ದು 56 ಕಪ್ಪು ನರ್ಸುಗಳನ್ನು. ಬಿಳಿಯ ಸೈನಿಕರನ್ನು ಮುಟ್ಟಿಸಬಾರದು ಅಂತ ಅವರಲ್ಲಿ ಹಲವರನ್ನು ಸೆರೆ ಸಿಕ್ಕ ಜರ್ಮನರ ಆರೈಕೆಗೆ ಹಾಕಿದರು. ನಮ್ಮ ನೀರಿನ ಲೋಟ ನೆನಪಾಗುತ್ತದೆ ಅಲ್ವಾ? ಮೇಬಲ್ ಸ್ಟಾಪರ್ಸ್ ಎಂಬ ಗಟ್ಟಿಗಿತ್ತಿಯ ಮುಂದಾಳತ್ವದಲ್ಲಿ ಸಂಘ ವರ್ಷಗಟ್ಟಲೆ ಹೋರಾಡಿತು. 1945ರ ಜನವರಿಯಲ್ಲಿ ಸೇನೆ ಆ ಮಿತಿ ಕೈಬಿಟ್ಟಿತು. 1948ರಲ್ಲಿ ರಾಷ್ಟ್ರದ ದೊಡ್ಡ ನರ್ಸ್ ಸಂಘದ ಬಾಗಿಲೂ ತೆರೆಯಿತು, 1951ರಲ್ಲಿ ಕಪ್ಪು ನರ್ಸುಗಳು ಪ್ರತ್ಯೇಕ ಸಂಘವನ್ನು ಮುಚ್ಚಿದರು.

ನಮ್ಮ ಕಡೆಯೂ ಅಷ್ಟೇ. ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸುಗಳು 2011-12ರಲ್ಲಿ ಬೀದಿಗಿಳಿದರು. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿನ ಸಂಬಳ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು ಅಂದಿತು. ಈ ಅಂಕಿ ಗೊತ್ತಿಲ್ಲದೆ ಕಾಗದಕ್ಕೆ ಸಹಿ ಹಾಕಬೇಡಿ. ನಿಮ್ಮ ಮಾರ್ಕ್ಸ್ ಕಾರ್ಡನ್ನು ಯಾರ ಬೀರುವಿನಲ್ಲೂ ಒತ್ತೆ ಇಡಬೇಡಿ.

ಆ ರಾತ್ರಿ ಆದ ಮೇಲೆ ನಾವು ಏನು ಮಾಡಿದೆವು ಅಂತ ಕೇಳುತ್ತೀರಿ. ದೊಡ್ಡದೇನೂ ಅಲ್ಲ. ಮೊದಲು ನಾಲಿಗೆ ತಿದ್ದಿಕೊಂಡೆವು. 'ಏಯ್' ಬಿಟ್ಟು 'ಅಮ್ಮ, ನೀವು' ಅಂದೆವು. ಆಯಾಗಳ ಜೊತೆ ಒಂದೇ ಕಡೆ ಕೂತು ಟೀ ಕುಡಿಯಲು ಶುರುಮಾಡಿದೆವು. ಮೊದಲ ವಾರ ಅವರೇ ದೂರ ಸರಿದು ನಿಂತರು. ಆಮೇಲೆ ಒಬ್ಬ ಆಯಾ ನಮಗೆ ಹೇಳಿಕೊಟ್ಟಳು, ನೋವು ತಿನ್ನುವವಳ ಸೊಂಟ ಎಲ್ಲಿ ಒತ್ತಿದರೆ ಹಾಯಾಗುತ್ತದೆ ಅಂತ. ಅದು ಅವಳ ಅಜ್ಜಿಯ ವಿದ್ಯೆ. ಒಂದು ನೋಟ್‌ಬುಕ್ ಇಟ್ಟು, ವಾರ್ಡಿನಲ್ಲಿ ಯಾರ ಮೇಲೆ ಕೈ ಎತ್ತಿದರು, ಮಗು ತೋರಿಸಲು ಯಾರಿಂದ ದುಡ್ಡು ಕೇಳಿದರು ಅಂತ ಹೆಸರಿಲ್ಲದೆ, ದಿನಾಂಕ ಹಾಕಿ ಒಂದು ತಿಂಗಳು ಬರೆದೆವು. 2017ರಲ್ಲಿ ಕೇಂದ್ರ ಸರ್ಕಾರ ತಂದ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ಮರ್ಯಾದೆಯ ನಡವಳಿಕೆ ಇರಬೇಕು, ಜೊತೆಗೊಬ್ಬರು ಇರಲು ಬಿಡಬೇಕು ಅನ್ನುತ್ತದೆ. ಅದನ್ನೂ ನೋಟ್‌ಬುಕ್ಕನ್ನೂ ಜೋಡಿಸಿ ಮೇಲಿನವರ ಮುಂದಿಟ್ಟೆವು. ಫಲ ಏನು? ನಮ್ಮಲ್ಲೊಬ್ಬಳಿಗೆ ಬೇರೆ ವಾರ್ಡಿಗೆ ವರ್ಗ. 'ದುಡ್ಡು ಕೊಡಬೇಡಿ' ಅನ್ನೋ ಬೋರ್ಡು ಬಂತು. ಹೆರುವವಳ ಜೊತೆ ಅವಳ ತಾಯಿಯನ್ನು ಒಳಗೆ ಬಿಡುವುದು ಶುರುವಾಯಿತು. ಗದರೋದು ಪೂರ್ತಿ ನಿಂತಿಲ್ಲ. ಆದರೆ ಈಗ ಗದರುವವರು ಒಮ್ಮೆ ಆಚೆ ಈಚೆ ನೋಡುತ್ತಾರೆ.

ನಿಮಗೆ ನಾವು ಹೇಳೋದು ಇಷ್ಟು. ಒಂದು, ಪಾಠವನ್ನು ಚೆನ್ನಾಗಿ ಕಲಿಯಿರಿ. ಔಷಧದ ಲೆಕ್ಕ ತಪ್ಪುವ ನರ್ಸಿನ ಕ್ರಾಂತಿ ಯಾರಿಗೂ ಬೇಡ. ಎರಡು, ಕಲಿತದ್ದನ್ನು ಪ್ರಶ್ನೆ ಮಾಡಿ: ಇದು ಯಾರ ಮೈ ನೋಡಿ ಬರೆದದ್ದು? ಮೂರು, ನಿಮ್ಮ ಅಜ್ಜಿ, ಅವ್ವ, ಸೂಲಗಿತ್ತಿಯರ ಬಾಯಲ್ಲಿ ಇರುವುದನ್ನು ಬರೆದುಕೊಳ್ಳಿ, ಸರಿಯಾದದ್ದನ್ನು ಇಟ್ಟುಕೊಳ್ಳಿ, ತಪ್ಪನ್ನು ಅವರಿಗೇ ವಿವರಿಸಿ ಬಿಡಿಸಿ. ನಾಲ್ಕು, ಹಾಸ್ಟೆಲಿನಲ್ಲಿ ವಾರಕ್ಕೊಂದು ಸಂಜೆ ಕೂತು ವಾರ್ಡಿನ ಒಂದೊಂದು ಸಂಗತಿ ಇಟ್ಟುಕೊಂಡು ಆ ಪ್ರಶ್ನೆಗಳನ್ನು ಕೇಳಿ. ಗಂಡು ಹುಡುಗರೂ ಕೂರಬೇಕು. ಆರೈಕೆ ಹೆಂಗಸರ ಕೆಲಸ ಅನ್ನೋದೂ ಒಂದು ಮನುಧರ್ಮವೇ. ಐದು, ನಿಮಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತವರ ಮೇಲೆ ಬೈಗುಳ ಇಳಿಸಬೇಡಿ. ಅದು ನಿಮ್ಮ ಹತ್ತಿರ ಬಂದಾಗ ಅಲ್ಲೇ ನಿಲ್ಲಿಸಿ, ಬಂದ ಕಡೆಗೆ ಪ್ರಶ್ನೆಯಾಗಿ ವಾಪಸು ಕಳಿಸಿ. ಒಬ್ಬರೇ ಕಳಿಸಿದರೆ ಪೆಟ್ಟು ಬೀಳುತ್ತದೆ. ಹತ್ತು ಜನ ಸೇರಿ ಕಳಿಸಿ.

ಶಿಕ್ಷಣ, ಸಂಘಟನೆ, ಹೋರಾಟ ಅಂತ ಬಾಬಾಸಾಹೇಬರು ಹೇಳಿದ ಮೂರನ್ನು ನಾವು ಗೋಡೆಯ ಮೇಲೆ ಬರೆಯುತ್ತೇವೆ. ಹೆರಿಗೆ ವಾರ್ಡಿನ ಗೋಡೆಯೊಳಗೂ ಅದನ್ನು ತರಬೇಕಾಗಿದೆ. ಸೆರಗು ಬಾಯಿಗೆ ತುರುಕಿಕೊಂಡ ಆ ತಂಗಿ ಮುಂದಿನ ಹೆರಿಗೆಗೆ ಬಂದಾಗ, ನೋವಾದರೆ ಹೆದರದೆ ಕೂಗುವಂತಾಗಬೇಕು. ಅವಳ ಪಕ್ಕ ನಿಂತಿರುವ ನರ್ಸು ನಿಮ್ಮಲ್ಲೊಬ್ಬರಾಗಿರಬೇಕು. ನೀವು ಕೊಟ್ಟ ನೀರನ್ನು ಎಲ್ಲರೂ ಕುಡಿಯುವ ದಿನವನ್ನು ನೀವೇ ತರಬೇಕು.

ಜೈಭೀಮ್.